ಸೊಂಟದ ಅಳತೆ

ಬರ್ಕಾದ ನರ್ಸರಿಯಲ್ಲಿ ಎರಡು ರಿಯಾಲು.
ಕೊಟ್ಟವನು ಶಫೀಕುಲ್, ಸಿಲ್ಹೆಟ್ಟಿನ ಹುಡುಗ,
ಚಿಲ್ಲರೆ ಎಣಿಸುತ್ತ ಹಿಂದಿಯಲ್ಲಿ ಹೇಳಿದ:
"ನೀರು ಹಾಕಬೇಕು ಅನ್ನಿಸುತ್ತಲ್ಲ ಮಾಸ್ಟರ್,
ಆಗ ಆ ಕೈ ಜೇಬಿಗೆ ಹಾಕಿಕೊಳ್ಳಿ."

ನಕ್ಕೆ. ದರ್ಜಿಯ ಕೈ ಜೇಬು ಹೊಲಿದೀತು,
ಜೇಬಿನಲ್ಲಿ ಕೂತು ಅದಕ್ಕೆ ಅಭ್ಯಾಸವಿಲ್ಲ.

ಸೀಬ್‌ನ ಹಳೇ ಸೂಕಿನಲ್ಲಿ ನನ್ನ ಅಂಗಡಿ,
ಎಡಕ್ಕೆ ಮೀನಿನ ವಾಸನೆ, ಬಲಕ್ಕೆ ಬಖೂರಿನ ಹೊಗೆ.
ನಡುವೆ ಹೊಸ್ತಿಲ ಮೇಲೆ ಕೂರಿಸಿದೆ ಅಡೀನಿಯಂ ಕುಂಡ.
ಬೋಳು ಕೊಂಬೆ ನಾಲ್ಕು, ತುದಿಗಷ್ಟು ಎಲೆ,
ಕೆಳಗೆ ಮಾತ್ರ ನಮ್ಮೂರ ಗಾಣದ ಗಂಗವ್ವನ ಹಾಗೆ
ಉಂಡು, ಕಾಲು ಚಾಚಿ ಕೂತ ಗಡದ್ದು ಮೈ.
ಟೇಪು ಕೊರಳಲ್ಲೇ ಇತ್ತು. ಅಳೆದೆ.
ದಿಶ್‌ದಾಶಾ ಗಿರಾಕಿಗಳ ಪುಸ್ತಕದಲ್ಲಿ
ಖಲ್ಫಾನರ ಪುಟಕ್ಕೂ ಹುಮೈದರ ಪುಟಕ್ಕೂ ನಡುವೆ ಬರೆದೆ:
ಹೆಸರು, ಗಂಗವ್ವ. ಸೊಂಟ, ಒಂಬತ್ತಿಂಚು. ಮುಂಗಡ, ಇಲ್ಲ.

ಆಮೇಲೆ ಬೇಸಿಗೆ.
ಬಿಸಿಲು ಬೀದಿಯ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿತು.
ಬೆಕ್ಕುಗಳು ಕಾರಿನಡಿ ಸೇರಿದವು, ಗಿರಾಕಿಗಳು ಮನೆ ಸೇರಿದರು,
ಗಂಗವ್ವ ಹೂ ಬಿಟ್ಟಳು.
ಐದೆಸಳು, ಬಿಳಿ; ಅಂಚಿಗೆ ಗುಲಾಬಿ ದಾರದಲ್ಲಿ
ಯಾರೋ ಪೀಕೋ ಹೊಡೆದಂತೆ.
ನನ್ನ ಕೆಲಸದಲ್ಲಿ ಅಷ್ಟು ನೇರ ಬಂದದ್ದಿಲ್ಲ.

ತಪ್ಪಾದದ್ದು ಚಳಿಗಾಲದಲ್ಲಿ.
ಎಲೆ ಉದುರಿದವು. ಅದು ಅವಳ ನಿದ್ದೆ ಅಂತ
ನನಗೆ ಯಾರು ಹೇಳಬೇಕಿತ್ತು?
ಬಾಯಾರಿದ್ದಾಳೆ ಅಂದುಕೊಂಡೆ.
ರಾತ್ರಿ ಶಟರ್ ಎಳೆಯುವ ಮುಂಚೆ
ಇಸ್ತ್ರಿಪೆಟ್ಟಿಗೆಯಲ್ಲಿ ಉಳಿದ ನೀರು,
ಸುಮ್ಮನೆ ಚೆಲ್ಲುವುದೇಕೆ, ದಿನಾ ಒಂದು ಲೋಟ.
ಟೇಪು ಹತ್ತೂಕಾಲು ತೋರಿಸಿತು.
ಮೈ ತುಂಬಿಕೊಂಡಳು ನೋಡೋ ಎಂದು
ಕಾಜಾ ಹಾಕುವ ಗೌಸನನ್ನು ಕರೆದೆ.
ಅವನು ಹೆಬ್ಬೆರಳು ಒತ್ತಿದ.
ಬೆರಳು ಒಳಗೆ ಹೋಯಿತು.

ಕತ್ತರಿ ಬೇಡ, ಹೊಲಿಗೆ ಬಿಚ್ಚುವ ಬ್ಲೇಡು ಸಾಕು.
ಕಂದು. ಕಂದು. ಇನ್ನೂ ಕಂದು.
ಬಿಳಿ ಕಾಣುವ ತನಕ ಕೊಯ್ಯಬೇಕಂತೆ.
ಹತ್ತೂಕಾಲಿನಲ್ಲಿ ಉಳಿದದ್ದು ಒಂದು ಹಿಡಿ.
ಹಾಲು ಜಿನುಗಿತು. "ವಿಷ ಅದು, ಕಣ್ಣೊರೆಸಿಕೊಳ್ಳಬೇಡಿ"
ಅಂದ ಗೌಸ್. ನಾನೇನೂ ಅಳುತ್ತಿರಲಿಲ್ಲ.
ಗಾಯಕ್ಕೆ ಚಹಾದಂಗಡಿಯ ದಾಲ್ಚಿನ್ನಿ ಪುಡಿ ಮೆತ್ತಿ,
ಕೊರಳಿಗೆ ಫುರಾಖಾ ಹೆಣೆಯುವ ದಾರದಲ್ಲಿ ಬಿಗಿದು,
ಈದ್‌ಗೆ ಹೊಲಿದ ಬಿಳಿ ಅಂಗಿಗಳ ಸಾಲಿನ ಕೊನೆಗೆ
ತಲೆಕೆಳಗಾಗಿ ತೂಗುಹಾಕಿದೆ.

ಹನ್ನೆರಡು ದಿನ
ಮಣ್ಣಿಲ್ಲದೆ, ನೀರಿಲ್ಲದೆ, ಹ್ಯಾಂಗರಿನ ಮೇಲೊಂದು ಜೀವ.
ಮಷಿನ್ ತುಳಿಯುತ್ತಿದ್ದರೂ
ನನ್ನ ಬೆನ್ನು ಅತ್ತಲೇ ನೋಡುತ್ತಿತ್ತು.

ಅಳತೆಗೆ ಬಂದ ಮುಸಲ್ಲಂ, ಸಲಾಲಾ ಕಡೆಯವರು,
ಕಂಡು ಬಿದ್ದು ಬಿದ್ದು ನಕ್ಕರು.
"ಇದು ನಮ್ಮ ಬೆಟ್ಟದ್ದಯ್ಯ. ಬಂಡೆಗೆ ಬೆನ್ನು ಕೊಟ್ಟು
ಒಂಟೆಯ ಹೊಟ್ಟೆಯಷ್ಟು ದಪ್ಪ ನಿಂತಿರುತ್ತದೆ.
ಯಾರೂ ನೀರು ಹಾಕುವುದಿಲ್ಲ. ಆಡು ಕೂಡ ಮುಟ್ಟುವುದಿಲ್ಲ."
ಆಡು ಮುಟ್ಟದ ಸೊಪ್ಪಿಲ್ಲ ಎಂದು ಕಲಿತು ಬಂದವನು ನಾನು.
ಟೇಪು ಹಿಡಿದು ನಿಂತೇ ಇದ್ದೆ,
ಅವರು ಚಾಚಿದ ತೋಳು ಚಾಚಿಯೇ ಇತ್ತು.

ಹದಿಮೂರನೆಯ ದಿನ ವಾದಿಯ ಜಲ್ಲಿ ಮುಕ್ಕಾಲು, ಮಣ್ಣು ಕಾಲು.
ಬೆಳೆಯುವ ಹುಡುಗರ ಅಂಗಿಗೆ
ಎರಡು ಬೆರಳು ಸಡಿಲ ಬಿಡುವುದು ನನ್ನ ರೂಢಿ.
ಇವಳ ಕುಂಡಕ್ಕೆ ಬಿಡಲಿಲ್ಲ.
ಪುಸ್ತಕದಲ್ಲಿ ಒಂಬತ್ತಕ್ಕೆ ಅಡ್ಡಗೆರೆ ಎಳೆದು ಬರೆದೆ:
ನಾಲ್ಕೂಮುಕ್ಕಾಲು. ಆಲ್ಟರ್ ಮಾಡಿದ್ದು.

ಮೂರು ವಾರಕ್ಕೆ ಗುಂಡುಸೂಜಿಯ ತಲೆಯಷ್ಟು ಹಸಿರು.

ಇಸ್ತ್ರಿಯ ನೀರು ಈಗಲೂ ಉಳಿಯುತ್ತದೆ,
ಕೈಯೂ ಸುಮ್ಮನಿರುವುದಿಲ್ಲ.
ಹೊಸ್ತಿಲಾಚೆ ಒಂದು ತಟ್ಟೆ ಇಟ್ಟಿದ್ದೇನೆ.
ಮಧ್ಯಾಹ್ನ ಶಟರ್ ಅರ್ಧ ಇಳಿಸಿದಾಗ
ಎರಡು ಮೈನಾ ಬಂದು, ಜಗಳಾಡಿ, ಕುಡಿದು ಹೋಗುತ್ತವೆ
ಕುಂಡದ ಕಡೆ ತಿರುಗಿಯೂ ನೋಡದೆ.